ಅತ್ತರೆ ಫೋನಿಲ್ಲ

ಮದ್ದೂರು
19 ಆಗಸ್ಟ್ 2024

ಅರುಂಧತಿ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ರೂಢಿ. ನಾನು ಹಾಗೆ ಬರೆಯುವುದಿಲ್ಲ, ಇದ್ದದ್ದನ್ನು ಬರೆಯುತ್ತೇನೆ. ನಿನ್ನೆ ನಿಮ್ಮ ಹಾಸ್ಟೆಲ್ ಆಫೀಸಿನಿಂದ ಬಂದ ವಾರಕ್ಕೊಂದೇ ಫೋನು ಮುಗಿದ ಮೇಲೆ ರೂತ್ ಸಂಜೆಯ ತನಕ ಅತ್ತಳು. ಫೋನನ್ನು ಅಲ್ಲಾಡಿಸಿ ಅಲ್ಲಾಡಿಸಿ ನಿನ್ನನ್ನು ಅದರೊಳಗಿಂದ ತೆಗೆಯಲು ನೋಡಿದಳು. ಅವ್ವ ಅವಳನ್ನು ಸೊಂಟಕ್ಕೆ ಹಾಕಿಕೊಂಡು ರೈಲ್ವೆ ಗೇಟಿನ ತನಕ ಹೋಗಿ, ಕಂಡ ರೈಲನ್ನೆಲ್ಲ ತೋರಿಸಿ "ಅಗೋ, ನಿಮ್ಮವ್ವ ಅದ್ರಾಗೆ ಬತ್ತಾಳೆ ಕಣವ್ವ" ಎಂದು ಸುಳ್ಳು ಹೇಳಿದಳು. ರೈಲು ನಿಲ್ಲದೆ ಹೋದಾಗಲೆಲ್ಲ ಅಳು ಇನ್ನಷ್ಟು ಹೆಚ್ಚಿತು.

ನೀನು ನರ್ಸ್ ತರಬೇತಿ ಮುಗಿಸಿ ಬರಲು ಎರಡು ವರ್ಷ. ನಾಲ್ಕು ವರ್ಷದ ಮಗುವನ್ನು ಅಷ್ಟು ದಿನ ಹೀಗೆ ಬಿಡಲಾಗದು. ಪ್ರಾರ್ಥನಾ ಮಂದಿರ ನೋಡಿಕೊಳ್ಳುವ ಅಶೋಕಣ್ಣ ಅಲ್ಲಿನ ಮೇಜಿನ ಮೇಲಿಡುವ ಕಿರುಪುಸ್ತಕಗಳಲ್ಲಿ ಮಕ್ಕಳ ಶಿಸ್ತಿನ ಮೇಲಿದ್ದವನ್ನೆಲ್ಲ ತಂದು ಓದಿದೆ. ಎಲ್ಲದರ ತಿರುಳೂ ಒಂದೇ. ಮಗುವಿಗೆ ಹೇಳುವುದನ್ನು ಒಂದು ಸಲ ಹೇಳು, ಹೇಳಿದ್ದನ್ನು ಮಾಡು, ತಂದೆ ತಾಯಿ ಇಬ್ಬರಿಗೂ ಒಂದೇ ಮಾತಿರಲಿ. ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ ಎಂದು ಯೇಸುಸ್ವಾಮಿಯೇ ಕಲಿಸಿದ್ದಾನಲ್ಲ. ಅದನ್ನು ಭಾನುವಾರದ ಉಪದೇಶಕ್ಕೆ ಮಾತ್ರ ಇಟ್ಟುಕೊಂಡರೆ ನಾವು ಎಂಥ ವಿಶ್ವಾಸಿಗಳು?

ನನ್ನಪ್ಪ ಕುಡಿದ ದಿನ ಹೊಡೆಯುತ್ತಿದ್ದ, ಕುಡಿಯದ ದಿನ ಎತ್ತಿ ಮುದ್ದಾಡುತ್ತಿದ್ದ. ಯಾವ ತಪ್ಪಿಗೆ ಯಾವ ಏಟು ಎಂಬುದು ನನಗೆ ಎಂದೂ ತಿಳಿಯಲಿಲ್ಲ. ನನ್ನ ಮಗಳಿಗೆ ಅದು ತಿಳಿಯಬೇಕು. ಅವಳ ಮೇಲೆ ನಾನು ಕೈ ಎತ್ತುವುದಿಲ್ಲ. ಆದರೆ ನನ್ನ ಮಾತು ಬಂಡೆಯ ಹಾಗಿರಬೇಕು.

ಅವಳ ಎದುರು ನಾವಿಬ್ಬರೂ ಎರಡು ಮಾತಾಡಬಾರದು. ಫೋನಿನಲ್ಲಿ ಅವಳು ನನ್ನ ತೊಡೆಯ ಮೇಲೇ ಕೂತಿರುತ್ತಾಳೆ, ಎಲ್ಲ ಕೇಳುತ್ತದೆ. ಅದಕ್ಕೇ ಈ ಕಾಗದ. ನಿನಗೆ ಒಪ್ಪಿಗೆಯಾಗದ್ದನ್ನು ಕಾಗದದಲ್ಲಿ ಬರೆ.

ಕ್ರಿಸ್ಮಸ್‌ಗೆ ಅಮ್ಮ ಬರುತ್ತಾಳೆ ಎಂದು ನೀನು ಹೊರಟ ದಿನ ಸ್ಟೇಷನ್ನಿನಲ್ಲಿ ಅವಳಿಗೆ ಹೇಳಿದ್ದೇನೆ. ಅದೂ ಮಾತೇ. ನೆನಪಿರಲಿ.

ದೇವರಾಜು


ಬೀದರ್
27 ಆಗಸ್ಟ್ 2024

ರೀ,

ನಿಮ್ಮ ಕಾಗದವನ್ನು ಊಟದ ಕೋಣೆಯಲ್ಲಿ ಓದಿದೆ. ಫೋನು ಅಲ್ಲಾಡಿಸಿದ್ದನ್ನು ಓದಿ ಎದ್ದುಹೋದೆ, ರೊಟ್ಟಿ ಅಲ್ಲೇ ಉಳಿಯಿತು.

ಇಲ್ಲಿ ಕೆಂಪು ಕಲ್ಲು, ಕೆಂಪು ಮಣ್ಣು. ಬಟ್ಟೆ ಹಿಂಡಿದರೆ ನೀರೂ ಕೆಂಪಾಗಿರುತ್ತದೆ. ನಾನು "ಬತ್ತೀನಿ" ಅಂದರೆ ಹುಡುಗಿಯರು ನಗುತ್ತಾರೆ. ನನ್ನ ಕೋಣೆಯ ಶೋಭಿತಾ ಇದೇ ಕಡೆಯವಳು. "ನಿಮ್ ಊರಾಗ ಎಲ್ಲಾರೂ ಜಗಳಾ ಆಡಿದಂಗ ಮಾತಾಡ್ತೀರೇನು?" ಎಂದು ಕೇಳಿದಳು. ಜಗಳ ಆಡುವಾಗ ನಮ್ಮತ್ತೆಯ ಮಾತು ಕೇಳಬೇಕಿತ್ತು ನೀನು ಅಂದೆ.

ಪಾಠ ಕಷ್ಟ. ಎಲುಬುಗಳ ಹೆಸರೆಲ್ಲ ಇಂಗ್ಲಿಷಿನಲ್ಲಿ. ಕಷ್ಟವನ್ನು ಹೇಗೋ ಮಾಡಿಬಿಡಬಹುದು. ಬೆಳಿಗ್ಗೆ ಎಚ್ಚರವಾದಾಗ ಬಲಗೈ ಜೋಮು ಹಿಡಿದಿಲ್ಲವಲ್ಲ ಎಂದು ತಿಳಿಯುತ್ತದೆ ನೋಡಿ, ಆ ಗಳಿಗೆಗೆ ಏನು ಮಾಡಬೇಕೋ ಗೊತ್ತಿಲ್ಲ. ಅವಳು ಹುಟ್ಟಿದಾಗಿನಿಂದ ಆ ತೋಳು ಅವಳ ದಿಂಬು.

ನೀವು ಬರೆದಿರುವುದು ಸರಿ ಅನ್ನಿಸುತ್ತದೆ. ನಾನು ದೂರ ಇದ್ದೇನೆ, ದಿನವೂ ಅವಳನ್ನು ಹಿಡಿಯುವವರು ನೀವು. ನೀವು ಅವಳಿಗೆ ಏನು ಹೇಳಿದರೂ ಅದನ್ನು ನಾನೂ ಹೇಳಿದ ಹಾಗೆಯೇ ಎಂದುಕೊಳ್ಳಿ. ಒಂದೇ ಮಾತು.

ತಲೆಗೆ ಎಣ್ಣೆ ಹಚ್ಚುವಾಗ ಬೈತಲೆ ಎಡಕ್ಕೆ ತೆಗೆಯಿರಿ. ಬಲಗಡೆ ಸುಳಿ ಇದೆ, ಎಳೆದರೆ ನೋಯುತ್ತದೆ.

ಅರುಂಧತಿ


ಮದ್ದೂರು
9 ಸೆಪ್ಟೆಂಬರ್ 2024

ಅರುಂಧತಿ,

ಫಲ ಕಾಣುತ್ತಿದೆ. ಊಟದ ಮಾತು ಮೊದಲು ಬರೆಯುತ್ತೇನೆ. ರೂತ್ ಅನ್ನದ ತಟ್ಟೆ ಎಸೆಯುವುದನ್ನು ಕಲಿತಿದ್ದಳು. ಎಸೆದರೆ ತಟ್ಟೆ ಎತ್ತಿಬಿಡುತ್ತೇನೆ ಎಂದೆ. ಎಸೆದಳು, ಎತ್ತಿದೆ. ಮಾರನೆಯ ದಿನ ಮತ್ತೆ ಎಸೆದಳು, ಮತ್ತೆ ಎತ್ತಿದೆ. ಆದರೂ ಹಸಿದ ಮಗುವಿನ ಹಾಗೆ ಕಾಣಲಿಲ್ಲ. ಬಾಯಿ ತೆರೆಸಿ ನೋಡಿದರೆ ಹುರಿಗಡಲೆ. ಅವ್ವ ಸೆರಗಿನಲ್ಲಿ ಕಟ್ಟಿಕೊಂಡು ಹಿತ್ತಲಲ್ಲಿ ಕೊಡುತ್ತಿದ್ದಳು.

"ಅವ್ವ, ಮನೇಲಿ ಒಂದೇ ಮಾತಿರಬೇಕು" ಎಂದೆ.

"ಲೇ ದೇವ, ನಿಮ್ಮ ಯೇಸಪ್ಪ ಐದು ರೊಟ್ಟೀಲಿ ಊರ್ಗೆಲ್ಲ ಉಣ್ಣಾಕಿಕ್ಕಿದ ಅಂತ ಮೊನ್ನೆ ನೀನೇ ಓದ್ದಲ್ಲೋ. ತಟ್ಟೆ ಎತ್ಕಂಡು ವೋದ್ನಂತಾ?"

"ಮಗೂನ ಬೆಳೆಸೋದಕ್ಕೆ ಕ್ರಮ ಇದೆ ಅವ್ವ. ಪುಸ್ತಕದಲ್ಲಿದೆ."

"ನಿನ್ನ ನಾನು ಯಾವ ಪುಸ್ತಕ ಓದ್ಕಂಡು ಬೆಳ್ಸ್ದೆನ್ಲಾ?"

"ಅದಕ್ಕೇ ಹಿಂಗಾಗಿರೋದು."

ಅವ್ವ ನಕ್ಕುಬಿಟ್ಟಳು. ಆಮೇಲೆ ತನ್ನೂರ ದೇವತೆ ಪಟ್ಟಲದಮ್ಮನ ಮೇಲೆ ಆಣೆ ಇಟ್ಟು ಹುರಿಗಡಲೆ ಕೊಡುವುದಿಲ್ಲ ಎಂದಳು. ಆಣೆ ಇಡುವುದು ತಪ್ಪು ಎಂದು ಹೇಳಲು ಬಾಯಿ ತೆರೆದೆ, ಒಂದು ದಿನಕ್ಕೆ ಒಂದು ಪಾಠ ಸಾಕು ಎಂದು ಸುಮ್ಮನಾದೆ. ಈಗ ರೂತ್ ತಟ್ಟೆ ಎಸೆಯುವುದಿಲ್ಲ. ತಿಂದು ತಾನೇ ತೊಳೆಯುವ ಕಲ್ಲಿನ ಹತ್ತಿರ ಇಡುತ್ತಾಳೆ. ನೋಡಿದೆಯಾ?

ನಿನ್ನೆ ನೀನು ಫೋನು ಮಾಡಿದಾಗ ನಾವು ಎತ್ತಲಿಲ್ಲ. ಅದಕ್ಕೆ ಒಂದು ಕಾರಣ ಇತ್ತು. ಒಂದು ಸಣ್ಣ ಏರ್ಪಾಡು ಮಾಡಿದ್ದೇನೆ, ಚಿಂತೆ ಮಾಡುವಂಥದ್ದಲ್ಲ. ಮುಂದಿನ ಭಾನುವಾರ ಮಾತಾಡೋಣ.

ಬೈತಲೆ ಎಡಕ್ಕೇ ತೆಗೆಯುತ್ತಿದ್ದೇನೆ.

ದೇವರಾಜು


ಬೀದರ್
22 ಸೆಪ್ಟೆಂಬರ್ 2024

ರೀ,

ಈಗಷ್ಟೇ ಫೋನು ಇಟ್ಟು ಬಂದು ಬರೆಯುತ್ತಿದ್ದೇನೆ. ಹೋದ ವಾರವೂ ಹೀಗೇ ಆಯಿತು. ನಾನು ಕರೆಯುತ್ತಲೇ ಇದ್ದೆ, ರೂತಮ್ಮ, ರೂತಮ್ಮ, ಏನು ತಿಂದೆ, ಇವತ್ತು ಪ್ರಾರ್ಥನೆಗೆ ಯಾವ ಗೌನು ಹಾಕಿದ್ದೆ. ಅವಳ ಉಸಿರು ಮಾತ್ರ ಕೇಳುತ್ತಿತ್ತು. ಒಂದು ಮಾತೂ ಇಲ್ಲ. ನೀವು "ಹೇಳು, ಚೆನ್ನಾಗಿದ್ದೀನಿ ಅಂತ ಹೇಳು" ಎಂದಿರಿ. ಆಗಲೂ ಇಲ್ಲ.

ಅವಳಿಗೆ ನನ್ನ ದನಿ ಮರೆತಿದೆಯೇ? ಮಕ್ಕಳು ಬೇಗ ಮರೆಯುತ್ತಾರಂತೆ, ಅದು ಒಳ್ಳೆಯದೇ ಅಂತೆ, ಇಲ್ಲಿಯ ಸಿಸ್ಟರ್ ಹೇಳಿದರು. ಮಕ್ಕಳ ವಾರ್ಡಿನಲ್ಲಿ ಒಂದು ಹುಡುಗಿ ಇದೆ, ರೂತಳಷ್ಟೇ ವಯಸ್ಸು. ಜ್ವರ ನೋಡಲು ಹೋದರೆ ನನ್ನ ಬೆರಳು ಹಿಡಿದು ಬಿಡುವುದಿಲ್ಲ. ಬಿಡಿಸಿಕೊಂಡು ಬರುತ್ತೇನೆ. ಆಮೇಲೆ ಆ ಬೆರಳನ್ನು ಬಹಳ ಹೊತ್ತು ಯಾವುದಕ್ಕೂ ತಾಗಿಸುವುದಿಲ್ಲ.

ನಿಜ ಬರೆಯುತ್ತೇನೆ ಎಂದಿದ್ದಿರಿ. ಬರೆಯಿರಿ. ಅವಳು ನನ್ನನ್ನು ಕೇಳುತ್ತಾಳೆಯೇ?

ಅರುಂಧತಿ


ಮದ್ದೂರು
7 ಅಕ್ಟೋಬರ್ 2024

ಅರುಂಧತಿ,

ನೀನು ನಿಜ ಕೇಳಿದೆ. ಇಲ್ಲ, ಕೇಳುವುದಿಲ್ಲ. ಮೊದಲಿನ ಹಾಗೆ ಗೇಟಿನ ಹತ್ತಿರ ಹೋಗಬೇಕೆಂದು ಹಟ ಮಾಡುವುದಿಲ್ಲ. ಫೋನು ಮುಗಿದರೆ ಎದ್ದು ಹೋಗಿ ತನ್ನ ಡಬ್ಬಿ ಮುಚ್ಚಳಗಳ ಜೊತೆ ಆಡುತ್ತಾಳೆ. ಅಳು ಎಂಬುದೇ ಇಲ್ಲ. ಬಿದ್ದು ಮಂಡಿ ತರಚಿದರೂ ಅಳಲಿಲ್ಲ, ತುಟಿ ಕಚ್ಚಿಕೊಂಡು ಎದ್ದಳು. ಮಂಡ್ಯದಿಂದ ಬಂದಿದ್ದ ಪಾಸ್ಟರ್ ಆರಾಧನೆಯ ಹೊತ್ತು ಪೂರ್ತಿ ಅವಳು ಕೈಕಟ್ಟಿ ಕೂತದ್ದನ್ನು ನೋಡಿ, "ಯಾರ ಮಗು ಇದು?" ಎಂದು ಕೇಳಿದರು. ಎದ್ದು ನಿಂತು ನನ್ನದು ಎಂದೆ. ಆ ಗಳಿಗೆ ನೀನು ಇರಬೇಕಿತ್ತು.

ಇದಕ್ಕೆ ನೀನು ದುಃಖಪಡಬಾರದು. ಪ್ರೀತಿ ಎಂದರೆ ಅಳುವುದು ಎಂದು ನಮ್ಮ ಜನ ತಿಳಿದಿದ್ದಾರೆ. ನಾವು ಅದನ್ನು ಮುರಿಯಬೇಕು. ಗಟ್ಟಿಯಾದ ಮಗು ನಾಳೆ ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ.

ಎಳನೀರು ಮಾರುಕಟ್ಟೆಯಲ್ಲಿ ಈಗ ಲೋಡು ಜಾಸ್ತಿ. ಲಾರಿ ತುಂಬಿ ಮನೆಗೆ ಬಂದರೆ ಮೈಯೆಲ್ಲ ಕಾಯಿಯ ಕರೆ. ನೀನು ಒಗೆಯುತ್ತಿದ್ದಾಗ ಹೋಗುತ್ತಿತ್ತು, ನಾನು ಒಗೆದರೆ ಹೋಗುವುದಿಲ್ಲ. ಅದು ಹೇಗೆ ಹೋಗುತ್ತಿತ್ತೋ ಕೇಳಬೇಕು ಎಂದುಕೊಂಡಿದ್ದೆ. ಬೇಡ ಬಿಡು. ಅಂಗಿ ಹಾಗೇ ಇರಲಿ.

ದೇವರಾಜು


ಬೀದರ್
3 ನವೆಂಬರ್ 2024

ರೀ,

ಉತ್ತರ ತಡವಾಯಿತು. ಪರೀಕ್ಷೆ ಇತ್ತು.

ರೂತ್ ಹೊಂದಿಕೊಂಡದ್ದು ಸಂತೋಷ. ಕ್ರಿಸ್ಮಸ್ ರಜೆಯಲ್ಲಿ ವಾರ್ಡ್ ನೋಡಿಕೊಳ್ಳಲು ಕೆಲವರು ಉಳಿಯಬೇಕು ಎಂದು ವಾರ್ಡನ್ ಕೇಳಿದರು. ಶೋಭಿತಾಳ ಸರದಿ ಇತ್ತು, ಅವಳ ಬದಲು ನಾನು ಉಳಿಯುತ್ತೇನೆ ಎಂದು ಹೆಸರು ಕೊಟ್ಟಿದ್ದೇನೆ. ಹತ್ತು ದಿನಕ್ಕೆ ಬಂದು ಮತ್ತೆ ಬಿಟ್ಟು ಹೊರಟರೆ ನೀವು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅಷ್ಟು ಕಷ್ಟಪಟ್ಟು ಕಲಿಸಿದ್ದೀರಿ.

ಅವಳಿಗೆ ಹೇಗೆ ಹೇಳಬೇಕೋ ಹೇಳಿ. ನನ್ನನ್ನು ಕೇಳುವುದೇ ಇಲ್ಲ ಎಂದಮೇಲೆ ಹೇಳುವ ಅಗತ್ಯವೂ ಇಲ್ಲವೇನೋ.

ಕಾಯಿಯ ಕರೆಗೆ ನಿಂಬೆಹಣ್ಣು, ಉಪ್ಪು. ಒಣಗುವ ಮೊದಲೇ ಉಜ್ಜಬೇಕು.

ಅರುಂಧತಿ


ಮಳವಳ್ಳಿ
17 ನವೆಂಬರ್ 2024

ಅರುಂಧತಿ,

ಅವ್ವನ ಊರಿಗೆ ಬಂದಿದ್ದೇವೆ. ನಿನ್ನ ಕಾಗದವನ್ನು ಮದ್ದೂರಿನಿಂದಲೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ. ನೀನು ಬರುವುದಿಲ್ಲ ಎಂಬುದು ನನಗೆ ಒಪ್ಪಿಗೆ ಎಂದು ಮನಸ್ಸಿನಲ್ಲೇ ಎರಡು ಮೂರು ಉತ್ತರ ಬರೆದೆ. ತತ್ವದ ಮಾತು ಬೇಕಾದಷ್ಟಿತ್ತು. ನಿನ್ನೆ ಬೆಳಿಗ್ಗೆ ಜಗಲಿಯ ಮೇಲೆ ಕೂತು ಇನ್ನೊಮ್ಮೆ ಓದಿದೆ. "ಒಣಗುವ ಮೊದಲೇ ಉಜ್ಜಬೇಕು" ಎಂಬಲ್ಲಿಗೆ ಬಂದಾಗ ಅಳು ಬಂತು. ತಡೆಯಲಾಗಲಿಲ್ಲ.

ರೂತ್ ಅಂಗಳದಲ್ಲಿ ಆಡುತ್ತಿದ್ದವಳು ಓಡಿಬಂದಳು. ತನ್ನ ಎರಡು ಕೈಯಲ್ಲೂ ನನ್ನ ಬಾಯಿ ಮುಚ್ಚಿದಳು. ಗಟ್ಟಿಯಾಗಿ ಮುಚ್ಚಿದಳು, ಉಗುರು ತಾಗುವ ಹಾಗೆ.

"ಅಪ್ಪ, ಅಳ್ಬ್ಯಾಡ. ನೀನು ಅತ್ರೆ ಅಮ್ಮ ಬರಾಕಿಲ್ಲ."

ಈಗ ನಿನಗೆ ಹೇಳಬೇಕು. ಸೆಪ್ಟೆಂಬರ್ ಮೊದಲ ಭಾನುವಾರ ಫೋನು ಮುಗಿದ ಮೇಲೆ ಅವಳು ಅಳುವುದನ್ನು ನಿಲ್ಲಿಸಲೇ ಇಲ್ಲ. ನಾನು ಅವಳಿಗೆ ಒಂದು ಮಾತು ಹೇಳಿದೆ. ಅತ್ತರೆ ಮುಂದಿನ ವಾರ ಅಮ್ಮನ ಫೋನಿಲ್ಲ. ಅವಳು ಅತ್ತಳು. ಮುಂದಿನ ವಾರ ಫೋನು ಬಡಿದುಕೊಳ್ಳುತ್ತಿತ್ತು, ಅವಳು ಅದನ್ನೇ ನೋಡುತ್ತ ಕೂತಿದ್ದಳು, ನಾನು ಎತ್ತಲಿಲ್ಲ. ಹೇಳಿದ್ದನ್ನು ಮಾಡಿದೆ. ಅದಾದ ಮೇಲೆ ಅವಳು ಅಳಲಿಲ್ಲ. ಫೋನಿನಲ್ಲಿ ಮಾತೂ ಆಡಲಿಲ್ಲ. ಬಾಯಿ ತೆರೆದರೆ ಅಳು ಬಂದುಬಿಡುತ್ತದೆ ಎಂದು ಹೆದರಿ ಮುಷ್ಟಿ ಬಿಗಿಹಿಡಿದು ಕೂರುತ್ತಿದ್ದಳು. ಆ ಮುಷ್ಟಿಯನ್ನು ನಾನು ನೋಡುತ್ತಿದ್ದೆ. ಅದನ್ನು ಶಿಸ್ತು ಎಂದು ನಿನಗೆ ಬರೆದೆ.

ಮಂಡಿ ತರಚಿದಾಗ ಅಳದೆ ಎದ್ದದ್ದೂ ನಿನಗಾಗಿ. ಆರಾಧನೆಯಲ್ಲಿ ಕೈಕಟ್ಟಿ ಕೂತದ್ದೂ ನಿನಗಾಗಿ. ಯಾರು ಅತ್ತರೂ ನೀನು ಬರುವುದು ತಪ್ಪಿಹೋಗುತ್ತದೆ ಎಂದು ಅವಳು ತಿಳಿದಿದ್ದಾಳೆ. ಮದ್ದೂರಿನಲ್ಲಿ ಪಕ್ಕದ ಮನೆಯ ಮಂಚಮ್ಮನ ಮೊಮ್ಮಗು ಅತ್ತರೆ ಅಲ್ಲಿಗೂ ಓಡಿಹೋಗಿ ಬಾಯಿ ಮುಚ್ಚುತ್ತಾಳಂತೆ. ಅವ್ವನಿಗೆ ಗೊತ್ತಿತ್ತು.

"ಗೊತ್ತಿದ್ರೆ ಯಾಕೆ ಹೇಳಲಿಲ್ಲ ಅವ್ವ?" ಎಂದೆ.

"ಮನ್ಯಾಗೆ ಒಂದೇ ಮಾತಿರ್ಬೇಕು ಅಂದಲ್ಲಪ್ಪ. ಆಣೆ ಬ್ಯಾರೆ ಇಕ್ಕಿದ್ದೆ. ಸುಮ್ಗಾದೆ."

ದಿನಬೆಳಗಾದರೆ ಕಾಯಿ ಅಲ್ಲಾಡಿಸಿ ನೋಡಿ ಲಾರಿಗೆ ಹಾಕುವವನು ನಾನು. ಗಳಗಳ ಸದ್ದು ಮಾಡುವ ಕಾಯಿಯಲ್ಲಿ ಅರ್ಧ ನೀರು ಆರಿರುತ್ತದೆ, ಸದ್ದೇ ಮಾಡದ್ದು ಕಂಠದ ತನಕ ತುಂಬಿರುತ್ತದೆ. ಇಷ್ಟು ಗೊತ್ತಿದ್ದವನಿಗೆ ನನ್ನ ಮಗು ಗೊತ್ತಾಗಲಿಲ್ಲ.

ಅವಳ ಮುಂದೆ ಮೊಣಕಾಲೂರಿ, ಅಪ್ಪ ತಪ್ಪು ಹೇಳಿದ್ದೆ, ಕ್ಷಮಿಸು, ಅತ್ತರೂ ಫೋನು ಬರುತ್ತದೆ ಎಂದೆ. ಅವಳು ನಂಬಲಿಲ್ಲ. "ಅಪ್ಪ ಒಂದ್ಸಲ ಯೋಳಿದ್ರೆ ಯೋಳ್ದಂಗೇ" ಎಂದಳು. ಅದನ್ನೂ ನಾನೇ ಕಲಿಸಿದ್ದು. ಆ ಬಂಡೆಯನ್ನು ನನ್ನ ಕೈಯಿಂದ ಸರಿಸಲು ಆಗುತ್ತಿಲ್ಲ.

ಅದಕ್ಕಿಂತ ಮೊದಲು ಒಂದು ಮಾತು ಹೇಳಿದ್ದೆ, ಸ್ಟೇಷನ್ನಿನಲ್ಲಿ. ಕ್ರಿಸ್ಮಸ್‌ಗೆ ಅಮ್ಮ ಬರುತ್ತಾಳೆ ಎಂದು. ಆ ಮಾತನ್ನಾದರೂ ನಿಲ್ಲಿಸಲು ಸಾಧ್ಯವೇ? ನೀನು ಬಾರದಿದ್ದರೆ ಅದಕ್ಕೆ ಕಾರಣ ನಿನ್ನೆಯ ನನ್ನ ಅಳು ಎಂದು ಅವಳು ಬದುಕಿರುವ ತನಕ ತಿಳಿಯುತ್ತಾಳೆ.

ದೇವರಾಜು


ಬೀದರ್
26 ನವೆಂಬರ್ 2024

ದೇವರಾಜು ಅವರೇ,

ನನ್ನ ದನಿಯನ್ನು ನೀವು ಮಿಠಾಯಿ ಮಾಡಿದಿರಿ. ತಪ್ಪು ಮಾಡಿದರೆ ಕಿತ್ತುಕೊಳ್ಳುವ ಮಿಠಾಯಿ. ಆ ಭಾನುವಾರ ನಾನು ಆಫೀಸಿನ ಬಾಗಿಲಲ್ಲಿ ನಿಂತು ಮತ್ತೆ ಮತ್ತೆ ಫೋನು ಮಾಡಿದೆ. ಹಿಂದೆ ಸಾಲಿನಲ್ಲಿದ್ದ ಹುಡುಗಿಯರು ತಮ್ಮ ಸರದಿಯನ್ನು ನನಗೆ ಬಿಟ್ಟುಕೊಟ್ಟರು. ನೀವು ಅಲ್ಲೇ ಕೂತಿದ್ದಿರಿ. ಅವಳು ನೋಡುತ್ತಿದ್ದಳು.

ನೀವು ಏನು ಹೇಳಿದರೂ ನಾನೂ ಹೇಳಿದ ಹಾಗೆಯೇ ಎಂದು ನಾನು ಬರೆದುಕೊಟ್ಟಿದ್ದೆ. ಹಾಗಾದರೆ ಅತ್ತರೆ ಬರುವುದಿಲ್ಲ ಎಂದು ನಾನೂ ಅವಳಿಗೆ ಹೇಳಿದ್ದೇನೆ.

ಶಿಸ್ತು ಬೇಡ ಎನ್ನುವುದಿಲ್ಲ. ತಟ್ಟೆ ಎಸೆದರೆ ತಟ್ಟೆ ಎತ್ತಿ. ಬೈದರೆ ಕ್ಷಮೆ ಕೇಳಿಸಿ. ದಿನವೂ ಅದೇ ಹೊತ್ತಿಗೆ ಮಲಗಿಸಿ, ಅದೇ ಪ್ರಾರ್ಥನೆ ಹೇಳಿಸಿ. ಅದೆಲ್ಲ ಅವಳಿಗೆ ಬೇಕು, ನಿಮ್ಮಿಂದಲೇ ಬೇಕು, ನಿಮಗೆ ಸಿಗದದ್ದು ಅವಳಿಗೆ ಸಿಗಲಿ. ತಾಯಿ ತಟ್ಟೆಯಲ್ಲ.

ನಾನೂ ತಪ್ಪಾಗಿ ಓದಿಕೊಂಡೆ. ಮರೆತಿದ್ದಾಳೆ ಎಂದು ನಂಬಿದರೆ ಮತ್ತೊಮ್ಮೆ ಸ್ಟೇಷನ್ನಿನಲ್ಲಿ ಬಿಟ್ಟುಬರುವ ಕಷ್ಟ ತಪ್ಪುತ್ತಿತ್ತು. ಅದಕ್ಕೇ ಅಷ್ಟು ಬೇಗ ನಂಬಿದೆ.

ಶೋಭಿತಾಳಿಗೆ ನಿಮ್ಮ ಕಾಗದದ ವಿಷಯ ಹೇಳಿದೆ. "ನೀ ಹೋಗವ್ವ. ನಮ್ಮನಿ ಎರಡು ತಾಸಿನ ಹಾದಿ, ನಾ ಯಾವಾಗರೆ ಹೋಗ್ತೀನಿ" ಎಂದು ಸರದಿ ವಾಪಸು ತೆಗೆದುಕೊಂಡಳು. ಇನ್ನು ವಾರ್ಡನ್ ಸಹಿಯಾಗಬೇಕು, ಟಿಕೆಟ್ ಸಿಗಬೇಕು. ಅದಾಗುವ ತನಕ ಅವಳಿಗೆ ಏನನ್ನೂ ಹೇಳಬೇಡಿ. ಈ ಸಲ ಹೇಳಿದರೆ ಆಗಲೇಬೇಕು.

ಸಿಟ್ಟು ಇಳಿದಿಲ್ಲ. ಆದರೂ ಅಂಗಿಯ ಕರೆ ಹೋಯಿತೇ ಎಂದು ಬರೆಯಿರಿ.

ಅರುಂಧತಿ


ಮದ್ದೂರು
2 ಡಿಸೆಂಬರ್ 2024

ಅರುಂಧತಿ,

ನಿನ್ನೆ ಫೋನಿನಲ್ಲಿ ನಿನಗೆ ನನ್ನ ಅಳು ಕೇಳಿಸಿತು. ನಾಟಕವಲ್ಲ. ನಿನ್ನ ಕಾಗದ ಇನ್ನೂ ಬಂದಿರಲಿಲ್ಲ, ನೀನು ಬರುತ್ತೀಯೋ ಇಲ್ಲವೋ ಗೊತ್ತಿರಲಿಲ್ಲ. ನೀನು "ರೀ" ಎಂದೆ ಅಷ್ಟೆ, ಬಂದುಬಿಟ್ಟಿತು. ನಿನಗೆ ಕಾಣದೆ ಹೋದದ್ದನ್ನು ಬರೆಯುತ್ತೇನೆ.

ರೂತ್ ನನ್ನ ಬಾಯಿ ಮುಚ್ಚಲು ಬಂದಳು. ಆಮೇಲೆ ಫೋನನ್ನು ನೋಡಿದಳು. ಅದು ಕಟ್ಟಾಗಲಿಲ್ಲ. ನೀನು ಮಾತಾಡುತ್ತಲೇ ಇದ್ದೆ. ಅವಳು ಬಗ್ಗಿ ಅದಕ್ಕೆ ಕಿವಿ ಇಟ್ಟಳು. ನನ್ನ ಮುಖ ನೋಡಿದಳು, ನಾನು ಇನ್ನೂ ಅಳುತ್ತಿದ್ದೆ. ಮತ್ತೆ ಕಿವಿ ಇಟ್ಟಳು. ಆಗ ಕೇಳಿದ್ದು ಅದು, ನಿನಗೂ ಕೇಳಿಸಿರಬೇಕು. "ಅಮ್ಮ, ಇದ್ದೀಯಾ?"

ನೀನು ಇದ್ದೀನಿ ಎಂದಾಗ ಅವಳ ಒಂದು ಕೈಯ ಮುಷ್ಟಿ ಬಿಚ್ಚಿಕೊಂಡಿತು. ಇನ್ನೊಂದು ಹಾಗೇ ಇದೆ.

ಅವ್ವ ಬಾಗಿಲಲ್ಲಿ ನಿಂತಿದ್ದವಳು, "ಅಂತೂ ನಮ್ಮನೆ ಗಂಡ್ಸು ಅಳಾದು ಕಲ್ತ. ಈಗ ಅದ್ಕೊಂದು ಪುಸ್ತಕ ತಂದಾನು" ಎಂದು ಒಳಗೆ ಹೋದಳು.

ಇವತ್ತು ನಿನ್ನ ಕಾಗದ ಬಂತು. ಅದರಲ್ಲಿರುವ ಒಂದೊಂದು ಮಾತೂ ನನಗೆ ಸಲ್ಲಬೇಕಾದ್ದೇ. ಅವಳಿಗೆ ಏನೂ ಹೇಳಿಲ್ಲ. ಕಾಯುತ್ತೇನೆ.

ಕರೆ ಪೂರ್ತಿ ಹೋಗಲಿಲ್ಲ. ನಾನು ತಡವಾಗಿ ಉಜ್ಜಿದೆ.

ದೇವರಾಜು


ಬೀದರ್
12 ಡಿಸೆಂಬರ್ 2024

ರೂತಮ್ಮ,

ಈ ಕಾಗದ ನಿನಗೆ. ಅಪ್ಪ ಓದಿ ಹೇಳುತ್ತಾರೆ. ನೀನು ಅಜ್ಜಿಯ ತೊಡೆಯ ಮೇಲೆ ಕೂತುಕೋ.

ಅಮ್ಮನ ಕೈಯಲ್ಲಿ ಟಿಕೆಟ್ ಇದೆ. ನೋಡಿಕೊಂಡೇ ಬರೆಯುತ್ತಿದ್ದೇನೆ. ಬೀದರಿನಿಂದ ಒಂದು ದೊಡ್ಡ ರೈಲು ಬೆಂಗಳೂರಿಗೆ ಬರುತ್ತದೆ. ಅಲ್ಲಿ ಇಳಿದು ಮೈಸೂರಿನ ಪ್ಯಾಸೆಂಜರ್ ಹತ್ತುತ್ತೇನೆ. ಅದು ಮದ್ದೂರಿನಲ್ಲಿ ನಿಲ್ಲುತ್ತದೆ, ಗೇಟು ದಾಟಿ ಓಡಿಹೋಗುವ ರೈಲಿನ ಹಾಗಲ್ಲ. ಕ್ರಿಸ್ಮಸ್‌ಗೆ ಮುಂಚಿನ ಶನಿವಾರ ನೀನು ಎದ್ದು, ಮುಖ ತೊಳೆದು, ತಟ್ಟೆಯಲ್ಲಿ ಇದ್ದದ್ದನ್ನೆಲ್ಲ ತಿಂದು, ಬೈತಲೆ ಎಡಕ್ಕೆ ತೆಗೆಸಿಕೊಂಡು ಅಪ್ಪನ ಜೊತೆ ಸ್ಟೇಷನ್ನಿಗೆ ಬಾ.

ನಿನಗೆ ಅಳು ಬಂದರೆ ಅಳು. ಅದಕ್ಕೆ ರೈಲು ಬರುವುದು ತಪ್ಪುವುದಿಲ್ಲ. ಅಜ್ಜಿ ಅತ್ತರೂ ತಪ್ಪುವುದಿಲ್ಲ, ಮಂಚಮ್ಮಜ್ಜಿಯ ಮನೆಯ ಪಾಪು ಅತ್ತರೂ ತಪ್ಪುವುದಿಲ್ಲ. ಮುಂಚೆ ನಾವು ಬೇರೆ ಹೇಳಿದ್ದೆವು. ಅಪ್ಪನೂ ಹೇಳಿದ್ದರು, ಅಮ್ಮನೂ ಹೇಳಿದ್ದಳು. ಅದು ತಪ್ಪು. ಇದು ಸರಿ.

ಅಮ್ಮ ಹತ್ತು ದಿನ ಇರುತ್ತಾಳೆ. ಆಮೇಲೆ ಮತ್ತೆ ಹೋಗಬೇಕು. ನಿನಗೆ ಸುಳ್ಳು ಹೇಳುವುದಿಲ್ಲ. ಹೋಗುವ ದಿನ ನಾವಿಬ್ಬರೂ ಸ್ಟೇಷನ್ನಿನಲ್ಲಿ ಚೆನ್ನಾಗಿ ಅಳೋಣ. ಭಾನುವಾರ ಫೋನು ಬರುತ್ತದೆ.

ಈ ಕಾಗದ ಓದುವಾಗ ಅಪ್ಪ ನಡುವೆ ನಿಲ್ಲಿಸಿದರೆ ಹೆದರಬೇಡ. ಬಾಯಿ ಮುಚ್ಚಲು ಹೋಗಬೇಡ. ಸ್ವಲ್ಪ ಹೊತ್ತು ಬಿಡು, ಮತ್ತೆ ಓದುತ್ತಾರೆ. ಅಷ್ಟು ಹೊತ್ತೂ ನಾನು ಬರುತ್ತಲೇ ಇರುತ್ತೇನೆ.

ಅಮ್ಮ